ಕೋಡಪ್ಪನ ಕೊಂಬೆ, ಸೂಕ್ಷ್ಮಮ್ಮನ ಕಣ್ಣು

ಸೂಕ್ಷ್ಮಮ್ಮ: ಕೊಂಬೆ ಎಲ್ಲೋ?

ಕೋಡಪ್ಪ: ಯಾವ ಕೊಂಬೆ?

ಸೂಕ್ಷ್ಮಮ್ಮ: ಇಲ್ಲಿದ್ದ ಕೊಂಬೆ. ಎಡಗಡೆಗೆ ಬಾಗಿ, ತುದೀಲಿ ಎರಡಾಗಿ ಸೀಳಿ, ಕಣ್ಣಿಗೆ ಹೊಡೆಯೋ ಹಾಗಿದ್ದ ಕೊಂಬೆ. ನಾನು ಚಿತ್ರ ಕೊಟ್ಟಾಗ ಇತ್ತು. ನಿನ್ನ ತಂತ್ರಾಂಶದ ಹೊಟ್ಟೆಗೆ ಹೋಗಿ ಬಂದಮೇಲೆ ಇಲ್ಲ.

ಕೋಡಪ್ಪ: ಅದು ಕೊಂಬೆ ಅಲ್ಲ ಕಣೇ. ಗದ್ದಲ.

ಸೂಕ್ಷ್ಮಮ್ಮ: ಗದ್ದಲವಾ?

ಕೋಡಪ್ಪ: ಚಿತ್ರದೊಳಗಿನ ಗದ್ದಲ. ಬೆಳಕಿನ ಕಲಬೆರಕೆ. ನಮ್ಮ ಭಾಷೇಲಿ ಹಾಗೇ ಅನ್ನೋದು.

ಸೂಕ್ಷ್ಮಮ್ಮ: ಓಹೋ. ನಮ್ಮ ಭಾಷೇಲಿ ಗದ್ದಲ ಅಂದ್ರೆ ನೀನು.

ಈ ಮಾತುಕತೆ ನಡೆಯುತ್ತಿದ್ದದ್ದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ, ಬಾಗಿಲಿಗೆ ದಪ್ಪ ಕಪ್ಪು ಪರದೆ ಇಳಿಬಿಟ್ಟ ಕೋಣೆಯಲ್ಲಿ. ಇಬ್ಬರೂ ಗಂಡ ಹೆಂಡತಿ. ಅವಳು ಸೂಕ್ಷ್ಮದರ್ಶಕದ ಮುಂದೆ ಕೂತು ಇಲಿಯ ಮೆದುಳಿನ ನರಕೋಶಗಳ ಚಿತ್ರ ತೆಗೆಯುವವಳು. ಹಾಗಾಗಿ ಇಡೀ ಕಟ್ಟಡಕ್ಕೆ ಅವಳು ಸೂಕ್ಷ್ಮಮ್ಮ. ಅವನು ಆ ಚಿತ್ರಗಳನ್ನು ಓದಿ, ಕೋಶದ ಆಕಾರವನ್ನು ಗೆರೆಗೆರೆಯಾಗಿ ಬಿಡಿಸುವ ತಂತ್ರಾಂಶವನ್ನು ಬರೆಯುವವನು. ಕೋಡ್ ಬರೆಯುವವನಾದ್ದರಿಂದ ಕೋಡಪ್ಪ. ತಂತ್ರಾಂಶ ಮೊದಲ ಸಲ ತಡೆಯಿಲ್ಲದೆ ಓಡಿದ ದಿನದಿಂದ ಅವನ ತಲೆಯ ಮೇಲೆ ನಿಜವಾಗಿಯೂ ಎರಡು ಕೋಡು ಮೂಡಿವೆ ಎಂಬುದು ಹೆಂಡತಿಯ ಸೂಕ್ಷ್ಮ ಅವಲೋಕನ.

ನರಕೋಶವೆಂದರೆ ನೋಡಲು ಎಲೆ ಉದುರಿದ ಮರದ ಹಾಗೆ. ನಡುವೆ ಒಂದು ದಪ್ಪ ಬುಡ, ಅದರಿಂದ ಸುತ್ತಲೂ ಚಾಚಿದ ಕೊಂಬೆ, ಕೊಂಬೆಗೆ ರೆಂಬೆ. ಸಂಶೋಧನಾಲಯದ ಪ್ರಶ್ನೆ ಸರಳವಾಗಿತ್ತು: ಚಕ್ರ, ಏಣಿ, ಸುರಂಗ ಎಂದು ಆಟದ ಸಾಮಾನು ತುಂಬಿದ ಪಂಜರದಲ್ಲಿ ಬೆಳೆದ ಇಲಿಯ ನರಕೋಶಕ್ಕೆ ಹೆಚ್ಚು ಕೊಂಬೆ ಬರುತ್ತವೆಯೇ, ಖಾಲಿ ಪಂಜರದ ಇಲಿಗಿಂತ? ಸೂಕ್ಷ್ಮಮ್ಮ ಒಂದೊಂದು ಕೋಶದ ಮೇಲೂ ಕೈಯಾರೆ ಗೆರೆ ಎಳೆದು, ಬರುತ್ತವೆ ಅಂದಳು. ಕೋಡಪ್ಪನ ತಂತ್ರಾಂಶ ಅವೇ ಚಿತ್ರಗಳನ್ನು ಓದಿ, ಏನೂ ವ್ಯತ್ಯಾಸವಿಲ್ಲ ಅಂದಿತು. ಅಂದು ಮಧ್ಯಾಹ್ನ ಪರಿಶೀಲನಾ ಸಮಿತಿಯವರು ಬರುವವರಿದ್ದರು. ನಿರ್ದೇಶಕರು ಮುಂಚೆಯೇ ಹೇಳಿಬಿಟ್ಟಿದ್ದರು: "ಒಂದು ಸಂಸ್ಥೆಗೆ ಎರಡು ನಾಲಿಗೆ ಇರಬಾರದು. ಗಂಡ ಹೆಂಡತಿ ಮಾತಾಡ್ಕೊಂಡು ಒಂದೇ ಉತ್ತರ ತನ್ನಿ." ಒಂದೇ ಉತ್ತರವೆಂದರೆ, ಒಂದೋ ಸೂಕ್ಷ್ಮಮ್ಮನ ವರ್ಷಗಟ್ಟಲೆಯ ಗೆರೆಗಳು ಕಸದ ಬುಟ್ಟಿಗೆ, ಇಲ್ಲವೇ ಕೋಡಪ್ಪನ ತಂತ್ರಾಂಶ ಅಟ್ಟಕ್ಕೆ.

ಕೋಡಪ್ಪ: ನೋಡು, ಚೂರುಪಾರುಗಳನ್ನ ಕತ್ತರಿಸಿ ಹಾಕೋದು ಅದರ ಕೆಲಸ. ಇಲ್ಲಾಂದ್ರೆ ಪ್ರತಿ ಧೂಳಿನ ಕಣಾನೂ ಕೊಂಬೆ ಆಗತ್ತೆ.

ಸೂಕ್ಷ್ಮಮ್ಮ: ಕ್ಷೌರದ ಅಂಗಡಿ ಇಟ್ಟಿದೀಯ ಅನ್ನು. ಯಾರೇ ಬಂದು ಕೂರಲಿ, ಎಲ್ಲರಿಗೂ ಒಂದೇ ಕತ್ತರಿ.

ಕೋಡಪ್ಪ: ನಿನ್ನ ಚಿತ್ರ ಸ್ಪಷ್ಟವಾಗಿದ್ರೆ ಕತ್ತರಿಗೆ ಕೆಲಸಾನೇ ಇರ್ತಿರ್ಲಿಲ್ಲ. ಮಂಜು ಕವಿದ ಹಾಗಿದೆ.

ಸೂಕ್ಷ್ಮಮ್ಮ: ಕುಣಿಯಲಾರದವನಿಗೆ ನೆಲ ಡೊಂಕಂತೆ.

ಕೋಡಪ್ಪ: ನೆಲ ನಿಜವಾಗ್ಲೂ ಡೊಂಕಿದ್ರೆ?

ಸೂಕ್ಷ್ಮಮ್ಮ: ಅದೇ ಡೊಂಕು ನೆಲದ ಮೇಲೆ ನಾನು ಕುಣಿದಿಲ್ವಾ? ಒಂದು ಕೊಂಬೇನೂ ಬಿಡದೆ ಗೆರೆ ಎಳೆದಿದೀನಿ.

ಕೋಡಪ್ಪ: ಬಿಡದೆ ಎಳೆದಿದೀಯ, ಒಪ್ಪಿದೆ. ಇಲ್ಲದ್ದನ್ನೂ ಬಿಟ್ಟಿಲ್ಲ.

ಸೂಕ್ಷ್ಮಮ್ಮ: ಏನಂದೆ?

ಕೋಡಪ್ಪ: ತಂತ್ರಾಂಶಕ್ಕೆ ಆಯಾಸ ಇಲ್ಲ, ಹಸಿವಿಲ್ಲ, ಕೋಪ ಇಲ್ಲ...

ಸೂಕ್ಷ್ಮಮ್ಮ: ಬುದ್ಧೀನೂ ಇಲ್ಲ.

ಕೋಡಪ್ಪ: ...ಪಕ್ಷಪಾತಾನೂ ಇಲ್ಲ ಅಂತ ಹೇಳೋಕೆ ಹೊರಟಿದ್ದೆ. ಇಲಿ ಯಾವ ಪಂಜರದ್ದು, ಯಾರ ಮುದ್ದಿಂದು ಅಂತ ಅದು ಕೇಳಲ್ಲ.

ಸೂಕ್ಷ್ಮಮ್ಮ: ನಾನು ಕೇಳ್ತೀನಾ? ನನ್ನ ಕಣ್ಣು ತಕ್ಕಡಿ ಇದ್ದ ಹಾಗೆ. ಬೇಕಿದ್ರೆ ಪರೀಕ್ಷೆ ಮಾಡು. ಯಾವ ಕೋಶ ಬೇಕಾದ್ರೂ ಕೊಡು, ಎಷ್ಟು ಸಲ ಬೇಕಾದ್ರೂ ಕೊಡು!

ಕೋಡಪ್ಪ ಕೆನ್ನೆ ಕೆರೆದುಕೊಂಡ. ಮದುವೆಯಾದಾಗಿನಿಂದ ಸೂಕ್ಷ್ಮಮ್ಮನಿಗೆ ಆ ಕೆರೆತದ ಅರ್ಥ ಗೊತ್ತು. ಏನೋ ಕಿತಾಪತಿ ಮಾಡಿ ಮುಗಿಸಿದ್ದಾನೆ ಎಂದೇ ಅರ್ಥ.

ಸೂಕ್ಷ್ಮಮ್ಮ: ಏನು ಮಾಡಿದೀಯ?

ಕೋಡಪ್ಪ: ಬೈಯಬಾರದು.

ಸೂಕ್ಷ್ಮಮ್ಮ: ಬೈಯೋದು ಆಮೇಲಿನ ಮಾತು. ಏನು ಮಾಡಿದೀಯ?

ಕೋಡಪ್ಪ: ಪರೀಕ್ಷೆ. ಹೋದ ವಾರ ನಿನಗೆ ಗೆರೆ ಎಳೆಯೋಕೆ ಕೊಟ್ಟ ಚಿತ್ರಗಳಲ್ಲಿ ಒಂದನ್ನ ಎರಡು ಸಲ ಇಟ್ಟಿದ್ದೆ. ಎರಡನೇದನ್ನ ಕನ್ನಡೀಲಿ ಕಾಣೋ ಹಾಗೆ ಎಡಬಲ ತಿರುಗಿಸಿ. ಒಂದಕ್ಕೆ 'ಆಟದ ಪಂಜರ' ಅಂತ ಚೀಟಿ ಹಚ್ಚಿದೆ, ಇನ್ನೊಂದಕ್ಕೆ 'ಖಾಲಿ ಪಂಜರ' ಅಂತ.

ಸೂಕ್ಷ್ಮಮ್ಮ: ಕಟ್ಟಿಕೊಂಡ ಹೆಂಡತಿಗೇ ಕನ್ನಡಿ ಹಿಡಿದೆಯಾ!

ಕೋಡಪ್ಪ: ನೋಡು ನೀನೇ.

ಅವನು ಕಂಪ್ಯೂಟರಿನ ಪರದೆಯ ಮೇಲೆ ಎರಡು ಗೆರೆಚಿತ್ರಗಳನ್ನು ಅಕ್ಕಪಕ್ಕ ಇಟ್ಟ. ಎರಡೂ ಅವಳ ಕೈಯವೇ, ಕೋಶವೂ ಒಂದೇ. 'ಆಟದ ಪಂಜರ'ದ ಚೀಟಿ ಹೊತ್ತದ್ದು ಚಿಗುರಿ ನಿಂತ ಗಿಡದಂತೆ ದಿಕ್ಕುದಿಕ್ಕಿಗೂ ರೆಂಬೆ ಚಾಚಿತ್ತು. 'ಖಾಲಿ ಪಂಜರ'ದ ಚೀಟಿ ಹೊತ್ತದ್ದು ಸವೆದ ಪೊರಕೆಯ ಹಾಗಿತ್ತು.

ಸೂಕ್ಷ್ಮಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆಟದ ಪಂಜರಕ್ಕೆ ಚಕ್ರ ಕಟ್ಟಿದವಳು ಅವಳೇ. ಇಲಿಗಳು ಮೊದಲು ಹೆದರಿ ಮೂಲೆ ಹಿಡಿದು, ಆಮೇಲೆ ಒಂದೊಂದಾಗಿ ಬಂದು ಏಣಿ ಹತ್ತಿದ್ದನ್ನು ಕಂಡು ಒಬ್ಬಳೇ ನಕ್ಕವಳೂ ಅವಳೇ. ಆಡಿ ಬೆಳೆದವು ಚೆನ್ನಾಗಿ ಬೆಳೆಯಲಿ ಎಂದು ಮನಸ್ಸು ಸುಮ್ಮನೆ ಹಾರೈಸುತ್ತಿತ್ತು. ಕೈ ಅದನ್ನು ಕೇಳಿಸಿಕೊಂಡುಬಿಟ್ಟಿತ್ತು.

ಆದರೆ ಗಂಡನ ಎದುರು ಒಮ್ಮೆಲೇ ಸೋಲೊಪ್ಪುವಷ್ಟು ಅವಳಿನ್ನೂ ಕೆಟ್ಟಿರಲಿಲ್ಲ.

ಸೂಕ್ಷ್ಮಮ್ಮ: ಸರಿ. ನನ್ನ ಕಣ್ಣಿಗೆ ಪಕ್ಷಪಾತ. ಒಪ್ಪಿದೆ.

ಕೋಡಪ್ಪ: (ಗಾಬರಿಯಾಗಿ) ಒಪ್ಪಿದೆಯಾ? ಇಷ್ಟು ಬೇಗ?

ಸೂಕ್ಷ್ಮಮ್ಮ: ಹೂಂ. ನಿನ್ನ ತಂತ್ರಾಂಶವೇ ದೊಡ್ಡದು. ನಿನ್ನೆ ನಾನೊಂದು ಹೊಸ ಚಿತ್ರ ಹಾಕಿದ್ದೆನಲ್ಲ, ಅದನ್ನ ಓದಿಸು. ಅದರ ಬಾಯಿಂದಲೇ ಕೇಳೋಣ.

ಕೋಡಪ್ಪ ಹುರುಪಿನಿಂದ ಗುಂಡಿ ಒತ್ತಿದ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಹರಡಿಕೊಂಡ ಕೋಶವೊಂದು ಮೂಡಿತು. ತಂತ್ರಾಂಶ ಅದರ ಮೈಮೇಲೆಲ್ಲ ಕೆಂಪು ಗೆರೆ ಹರಿಸಿ, ಕೊಂಬೆಗಳಿಗೆ ಗುರುತು ಹಾಕಿ, ಕೆಳಗೆ ತೀರ್ಪು ಬರೆಯಿತು: 'ಆರೋಗ್ಯವಂತ ನರಕೋಶ. ಎಳೆಯ ಪ್ರಾಯ. ಕೊಂಬೆಗಳು ಸಮೃದ್ಧ.'

ಕೋಡಪ್ಪ: ಆಹಾ! ಎಂಥ ಬುಡ! ಎಂಥ ಹರವು! ಇಂಥ ಚಿತ್ರ ತೆಗೆಯೋಕೆ ಬರತ್ತೆ ಅಂದಮೇಲೆ ದಿನಾ ಮಂಜು ಯಾಕೆ ತರ್ತೀಯ?

ಸೂಕ್ಷ್ಮಮ್ಮ: ಚೆನ್ನಾಗಿದೆಯಾ?

ಕೋಡಪ್ಪ: ಚೆನ್ನಾಗಿದೆಯಾ ಅಂತೀಯಲ್ಲ! ಈ ರೆಂಬೆ ನೋಡು, ಎಷ್ಟು ಸಹಜವಾಗಿ ಬಾಗಿದೆ. ಒಂದು ಚೂರನ್ನೂ ತಂತ್ರಾಂಶ ಕತ್ತರಿಸಿಲ್ಲ. ನಿಜವಾದ ಕೊಂಬೇನ ಅದು ಮುಟ್ಟೋದೇ ಇಲ್ಲ.

ಸೂಕ್ಷ್ಮಮ್ಮ: ಯಾವ ಪಂಜರದ್ದಿರಬಹುದು?

ಕೋಡಪ್ಪ: ಕೇಳಬೇಕಾ? ಕುಣಿದು ಕುಪ್ಪಳಿಸಿ ಬೆಳೆದ ಇಲಿ ಇದು.

ಸೂಕ್ಷ್ಮಮ್ಮ: ಇದು ನಿಮ್ಮಮ್ಮನ ಕೋಣೆ ಸೂರು.

ಕೋಡಪ್ಪ: ...ಏನು?

ಸೂಕ್ಷ್ಮಮ್ಮ: ಸೂರು. ಬಿರುಕು ಬಿಟ್ಟಿರೋದು. ಅವರ ಮಂಚದ ಪಕ್ಕ ನಿಂತು ಮೊಬೈಲಲ್ಲಿ ತೆಗೆದೆ. ಬಣ್ಣ ತೆಗೆದುಹಾಕಿ, ಕಪ್ಪು ಬಿಳುಪು ಅದಲುಬದಲು ಮಾಡ್ದೆ, ಅಷ್ಟೇ.

ಕೋಡಪ್ಪ: ಮತ್ತೆ ಈ ಬುಡ?

ಸೂಕ್ಷ್ಮಮ್ಮ: ಫ್ಯಾನಿನ ಕೊಂಡಿ.

ಕೋಡಪ್ಪ: ಕೊಂಬೆ ಮೇಲೆ ಈ ಮೊಗ್ಗಿನ ಥರ ಕಾಣೋದು?

ಸೂಕ್ಷ್ಮಮ್ಮ: ಬೂಷ್ಟು. ಎಳೆಯ ಪ್ರಾಯ ಅಂತೆ! ನಿಮ್ಮಪ್ಪ ಕಟ್ಟಿಸಿದ ಮನೆ ಅದು. ಅತ್ತೆ ಹೋದ ಮಳೆಗಾಲದಿಂದ 'ಮಗಾ, ಒಂದ್ಸಲ ತಲೆ ಎತ್ತಿ ನೋಡೋ' ಅಂತ ಬಡ್ಕೋತಾ ಇದಾರೆ. ಹೆತ್ತ ತಾಯಿ ಹೇಳಿದ್ರೆ ನೋಡ್ಲಿಲ್ಲ. ತಂತ್ರಾಂಶ ತೋರಿಸಿದ್ರೆ 'ಆಹಾ, ಎಂಥ ಹರವು'!

ಕೋಡಪ್ಪ ಕುರ್ಚಿಗೆ ಒರಗಿ ಸೂರನ್ನೇ ನೋಡಿದ. ಸದ್ಯ, ನೆಲಮಾಳಿಗೆಯ ಸೂರಿನಲ್ಲಿ ಬಿರುಕಿರಲಿಲ್ಲ. ಅವನ ಮುಖ ಸಣ್ಣದಾದದ್ದು ಕಂಡು ಸೂಕ್ಷ್ಮಮ್ಮನಿಗೆ ಗೆದ್ದ ಖುಷಿ ಬರಬೇಕಿತ್ತು. ಅರ್ಧ ಬಂತು, ಅರ್ಧ ಬರಲಿಲ್ಲ. ಆ ತಂತ್ರಾಂಶವನ್ನು ಅವನು ಎಷ್ಟು ಪ್ರೀತಿಯಿಂದ ಕಟ್ಟಿದ್ದನೆಂದು ಅವಳಿಗೆ ಗೊತ್ತಿತ್ತು. ಏನಾದರೂ ಸಮಾಧಾನ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನ ಕಪ್ಪು ಪರದೆ ಸರ್ರನೆ ಸರಿಯಿತು. ನಿರ್ದೇಶಕರು ಒಳಗೆ ಬಂದರು.

ನಿರ್ದೇಶಕರಿಗೆ ಒಂದು ಅಭ್ಯಾಸ. ಯಾರನ್ನೂ ನೋಡುವ ಮೊದಲು ಕಂಪ್ಯೂಟರಿನ ಪರದೆಯ ಮೇಲೇನಿದೆ ಎಂದು ನೋಡುವುದು. ನೋಡಿದವರು ನಿಂತಲ್ಲೇ ನಿಂತರು.

ನಿರ್ದೇಶಕರು: ಏನಿದು! ಯಾರೂ ಮಾತಾಡಬೇಡಿ.

ಸೂಕ್ಷ್ಮಮ್ಮ: ಸಾರ್, ಅದು...

ನಿರ್ದೇಶಕರು: ಶ್! ನನ್ನ ಇಡೀ ವೃತ್ತಿಜೀವನದಲ್ಲಿ ಇಂಥ ಕೋಶ ನೋಡಿಲ್ಲ. ನರಕೋಶದ ಆಕಾರ ಅನ್ನೋದು ನನಗೆ ಅಂಗೈ ಗೆರೆ ಇದ್ದ ಹಾಗೆ. ಇದು ಹೊಸ ಬಗೆ. ಸಂಶಯವೇ ಇಲ್ಲ.

ಅವರು ಜೇಬಿನಿಂದ ಫೋನ್ ತೆಗೆದು ಪರದೆಯ ಚಿತ್ರ ಹಿಡಿದರು. ಹೆಬ್ಬೆರಳು ಅತ್ತಿತ್ತ ಓಡಿತು. ಫೋನ್ 'ಠಣ್' ಎಂದಿತು.

ಕೋಡಪ್ಪ: ಯಾರಿಗೆ ಕಳಿಸಿದ್ರಿ ಸಾರ್?

ನಿರ್ದೇಶಕರು: ಸಮಿತಿ ಅಧ್ಯಕ್ಷನಿಗೆ. ನನ್ನ ಸಹಪಾಠಿ. ತನ್ನ ಪ್ರಯೋಗಾಲಯವೇ ಸ್ವರ್ಗ ಅಂತ ಮೆರೀತಾ ಇರ್ತಾನೆ. ಇಲ್ಲಿಗೆ ಬರೋ ಮುಂಚೆ ಸ್ವಲ್ಪ ಹೊಟ್ಟೆ ಉರ್ಕೊಳ್ಳಲಿ.

ಸೂಕ್ಷ್ಮಮ್ಮ: ಸಾರ್, ದಯವಿಟ್ಟು ಕೇಳಿ. ಅದು ಇಲೀದಲ್ಲ.

ನಿರ್ದೇಶಕರು: ಅನ್ಕೊಂಡೆ! ಇಷ್ಟು ಭವ್ಯವಾದ ಕೋಶ ಇಲಿಗೆಲ್ಲಿಂದ ಬರಬೇಕು? ಮತ್ತೆ ಯಾರದು?

ಕೋಡಪ್ಪ: (ತೊದಲುತ್ತ) ನಮ್ಮಮ್ಮಂದು ಸಾರ್. ಅಂದ್ರೆ, ಅಮ್ಮನ ತಲೆ ಮೇಲಿಂದು.

ನಿರ್ದೇಶಕರ ಮುಖ ಬಾಡಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

ನಿರ್ದೇಶಕರು: ತಾಯಿಯವರು... ಯಾವಾಗಪ್ಪಾ? ಒಂದು ಮಾತು ತಿಳಿಸಬಾರದೇ? ಇಂಥ ದುಃಖದಲ್ಲೂ ಕೆಲಸಕ್ಕೆ ಬಂದಿದೀಯಲ್ಲ. ದೇಹದಾನ ಮಾಡಿದ್ರಾ?

ಸೂಕ್ಷ್ಮಮ್ಮ: ಇಲ್ಲ ಸಾರ್! ಅತ್ತೆ ಗುಂಡುಕಲ್ಲಿನ ಹಾಗಿದಾರೆ. ಬೆಳಿಗ್ಗೆ ತಾನೇ ನನ್ನ ಹತ್ತಿರ ಜಗಳ ಆಡಿದ್ರು.

ನಿರ್ದೇಶಕರು: (ಬೆಚ್ಚಿ) ಬದುಕಿದಾರಾ? ಬದುಕಿರುವಾಗಲೇ ತೆಗೆದ್ರಾ?

ಸೂಕ್ಷ್ಮಮ್ಮ: ತೆಗೆದದ್ದು ನಾನೇ ಸಾರ್. ಅವರು ಮಲಗಿದ್ದಾಗ.

ನಿರ್ದೇಶಕರು: ಮಲಗಿದ್ದಾಗ! ಅಮ್ಮಾ, ಅತ್ತೆ ಸೊಸೆ ಜಗಳ ಎಲ್ಲ ಮನೇಲೂ ಇರತ್ತೆ. ಹಾಗಂತ... ಅವರ ಒಪ್ಪಿಗೆನಾದ್ರೂ ಕೇಳಿದ್ಯಾ?

ಸೂಕ್ಷ್ಮಮ್ಮ: ಅವರೇ ಹೇಳಿದ್ದು ಸಾರ್. 'ನನ್ನ ಮಗ ಅಂತೂ ನೋಡಲ್ಲ, ನೀನಾದ್ರೂ ನೋಡಮ್ಮ' ಅಂತ.

ಕೋಡಪ್ಪ: ಮಳೆ ಬಂದ್ರೆ ಸೋರತ್ತೆ ಸಾರ್.

ನಿರ್ದೇಶಕರು: ಸೋರತ್ತಾ?

ಕೋಡಪ್ಪ: ತೊಟ್ಟಿಕ್ಕತ್ತೆ. ಕೆಳಗೆ ಬಕೆಟ್ ಇಟ್ಟಿದೀವಿ.

ನಿರ್ದೇಶಕರು ಗೋಡೆ ಹಿಡಿದು, ಸಿಕ್ಕ ಕುರ್ಚಿಯಲ್ಲಿ ಕುಳಿತರು.

ನಿರ್ದೇಶಕರು: (ಕ್ಷೀಣವಾಗಿ) ತೋರಿಸಿದ್ರಾ? ಏನಂದ್ರು?

ಸೂಕ್ಷ್ಮಮ್ಮ: ನೋಡ್ಕೊಂಡು ಹೋದ ಸಾರ್. 'ಸಿಮೆಂಟ್ ಮೆತ್ತಿದ್ರೆ ಸರಿಹೋಗತ್ತೆ, ಆದ್ರೆ ಮೇಲೆ ಹತ್ತಿ ಕೆರೀಬೇಕು' ಅಂದ.

ನಿರ್ದೇಶಕರು: ಯಾವ ಡಾಕ್ಟರ್ ಅವನು?

ಸೂಕ್ಷ್ಮಮ್ಮ: ಡಾಕ್ಟರ್ ಯಾಕೆ ಸಾರ್? ಗಾರೆ ಕೆಲಸದವನು. ಅದು ಸೂರು. ಅತ್ತೆ ಕೋಣೆ ಸೂರಿನ ಬಿರುಕು.

ನಿರ್ದೇಶಕರು ಪರದೆಯನ್ನು ನೋಡಿದರು. ಫೋನನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ಪರದೆಯನ್ನು ನೋಡಿದರು. ಒಮ್ಮೆ ಸೂರು ಎಂದು ಗೊತ್ತಾದಮೇಲೆ ಅದು ಸೂರಲ್ಲದೆ ಇನ್ನೇನೂ ಆಗಿ ಕಾಣಲಿಲ್ಲ.

ನಿರ್ದೇಶಕರು: ಸೂರಿಗೂ ನರಕ್ಕೂ ವ್ಯತ್ಯಾಸ ತಿಳಿಯದ ಈ ದಡ್ಡ ತಂತ್ರಾಂಶ! ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ.

ಸೂಕ್ಷ್ಮಮ್ಮ: ಹೌದು ಸಾರ್. ಎತ್ತು ಈಯ್ತು ಅಂತ ಅದು ಹೇಳ್ತು. ಕರುವಿಗೆ ನಾಮಕರಣ ಮಾಡಿ ಊರಿಗೆಲ್ಲ ಹಂಚಿದ್ದು ಮಾತ್ರ ನಾವು.

ನಿರ್ದೇಶಕರು ಆ ಮಾತು ಕೇಳಿಸದವರಂತೆ ಎದ್ದು ಕೋಟು ಸರಿಮಾಡಿಕೊಂಡರು.

ನಿರ್ದೇಶಕರು: ಇರಲಿ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ನಿರ್ಧಾರ ಸುಲಭವಾಯ್ತು. ತಂತ್ರಾಂಶ ಅಟ್ಟಕ್ಕೆ. ನಿಮ್ಮ ಕೈಗೆರೆಯ ಉತ್ತರವನ್ನೇ ಸಮಿತಿ ಮುಂದೆ ಇಡ್ತೀನಿ. ಆಟದಿಂದ ಮೆದುಳು ಬೆಳೆಯತ್ತೆ! ಕೇಳೋಕೂ ಸೊಗಸಾಗಿದೆ.

ಕೋಡಪ್ಪ ತಲೆ ಎತ್ತಲಿಲ್ಲ. ಕನ್ನಡಿ ಚಿತ್ರದ ಸುದ್ದಿ ಅವನ ನಾಲಿಗೆ ತುದಿಯಲ್ಲೇ ಇತ್ತು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅವನು ಒತ್ತಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಅದನ್ನು ಕಂಡ ಸೂಕ್ಷ್ಮಮ್ಮನಿಗೆ, ಅವನು ಬಾಯಿ ಬಿಟ್ಟಿದ್ದರೇ ಚೆನ್ನಾಗಿತ್ತು, ಕೂಗಾಡಿಯಾದರೂ ಹಗುರಾಗುತ್ತಿದ್ದೆ ಅನ್ನಿಸಿತು.

ಸೂಕ್ಷ್ಮಮ್ಮ: ಬೇಡ ಸಾರ್.

ನಿರ್ದೇಶಕರು: ಏನು ಬೇಡ?

ಸೂಕ್ಷ್ಮಮ್ಮ: ನನ್ನ ಉತ್ತರಾನೂ ನಂಬೋ ಹಾಗಿಲ್ಲ. ಇವನು ಒಂದೇ ಕೋಶಾನ ಎರಡು ಚೀಟಿ ಹಚ್ಚಿ ಕೊಟ್ಟ. ಆಟದ ಪಂಜರ ಅಂದಾಗ ಕೊಂಬೆ ಕಂಡ್ವು. ಖಾಲಿ ಅಂದಾಗ ಕಾಣ್ಲಿಲ್ಲ. ನೋಡಿ, ಇಲ್ಲಿದೆ.

ಗುಂಡಿಯನ್ನು ಅವಳೇ ಒತ್ತಿದಳು. ನಿರ್ದೇಶಕರು ಗಿಡವನ್ನೂ ಪೊರಕೆಯನ್ನೂ ನೋಡಿ ಮತ್ತೆ ಕುರ್ಚಿ ಹುಡುಕಿದರು.

ನಿರ್ದೇಶಕರು: ಇವರ ಕಣ್ಣು ಇಲ್ಲದ್ದನ್ನ ನೋಡತ್ತೆ. ಅದರ ಕಣ್ಣು ಸೂರು ನೋಡತ್ತೆ. ಇನ್ನು ನಾನು ಸಮಿತಿಗೆ ಏನು ಹೇಳ್ಲಿ?

ಸೂಕ್ಷ್ಮಮ್ಮ: ಇನ್ನೂ ಗೊತ್ತಿಲ್ಲ ಅಂತ ಹೇಳಿ ಸಾರ್.

ನಿರ್ದೇಶಕರು: ಗೊತ್ತಿಲ್ಲವಾ? ಈ ಕುರ್ಚಿಗೆ ಬಂದಮೇಲೆ ಆ ಪದ ಬಳಸಿ ಅಭ್ಯಾಸವೇ ತಪ್ಪಿಹೋಗಿದೆಯಮ್ಮ.

ಕೋಡಪ್ಪ: (ಮೊದಲ ಸಲ ತಲೆ ಎತ್ತಿ) ತಂತ್ರಾಂಶಕ್ಕೂ ಹಾಗೇ ಆಗಿದ್ದು ಸಾರ್. ಮೊದಲು ಅದಕ್ಕೆ ಆ ಪದ ಬರ್ತಿತ್ತು. ಅನುಮಾನ ಇದ್ದ ಕೊಂಬೆಗೆಲ್ಲ ಹಳದಿ ಬಣ್ಣ ಹಚ್ಚೋದು. ನೀವೇ ತೆಗೆಸಿದ್ರಿ.

ನಿರ್ದೇಶಕರು: ನಾನಾ?

ಕೋಡಪ್ಪ: 'ಇದೇನು, ಅರ್ಧ ಕೋಶಕ್ಕೆ ಕಾಮಾಲೆ ಬಂದ ಹಾಗಿದೆ, ಎಲ್ಲಾನೂ ಕೆಂಪು ಮಾಡು' ಅಂದ್ರಿ.

ಸೂಕ್ಷ್ಮಮ್ಮ: ಏನೋ ಇದು? ಅದಕ್ಕೆ ಅನುಮಾನ ಬರ್ತಿತ್ತಾ? ನನಗೆ ಯಾಕೆ ಹೇಳ್ಲಿಲ್ಲ?

ಕೋಡಪ್ಪ: ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? 'ನೋಡು, ನಿನ್ನ ತಂತ್ರಾಂಶಕ್ಕೇ ನಂಬಿಕೆ ಇಲ್ಲ' ಅಂತ ಕುಣೀತಿದ್ದೆ.

ಸೂಕ್ಷ್ಮಮ್ಮ: ಕುಣೀತಿದ್ದೆ. ಆಮೇಲೆ ಕೂತ್ಕೊಂಡು ನೋಡ್ತಿದ್ದೆ. ಹಳದಿ ವಾಪಸ್ ತಾ. ಚೀಟಿಗಳನ್ನೆಲ್ಲ ಮುಚ್ಚಿಡು, ಇಲಿ ಯಾವ ಪಂಜರದ್ದು ಅಂತ ನನಗೆ ಗೊತ್ತಾಗಬಾರದು. ಸ್ಪಷ್ಟ ಇರೋ ಕೊಂಬೆಗೆ ಅದು ಗೆರೆ ಎಳೀಲಿ. ಹಳದಿ ಬಂದ ಕಡೆ ನಾನು ನೋಡ್ತೀನಿ.

ಕೋಡಪ್ಪ: ನಿನಗೂ ಅನುಮಾನ ಬಂದ್ರೆ?

ಸೂಕ್ಷ್ಮಮ್ಮ: ಹಳದಿನೇ ಇರಲಿ. ಪ್ರಪಂಚ ಏನು ಮುಳುಗಿಹೋಗಲ್ಲ.

ಕೋಡಪ್ಪ: ಅಂದ್ರೆ ಮೊದಲಿಂದ ಮಾಡಬೇಕು. ಎಲ್ಲ ಕೋಶಾನೂ.

ಸೂಕ್ಷ್ಮಮ್ಮ: ಮಾಡೋಣ. ಮನೇಲಂತೂ ನಾವು ಮಾತಾಡಲ್ಲ. ಇಲ್ಲಿ ಕೂತು ಜಗಳ ಆದ್ರೂ ಆಡಬಹುದು.

ಅವನು ಅಷ್ಟರಲ್ಲೇ ಹಳೆಯ ತಂತ್ರಾಂಶವನ್ನು ಹುಡುಕಿ ತೆರೆದಿದ್ದ. ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಸರಿದಳು. ನಿರ್ದೇಶಕರು ಮಾತ್ರ ಗೋಡೆಗೆ ಮುಖ ಮಾಡಿ ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದರು.

ನಿರ್ದೇಶಕರು: ಗೊ... ಗೊತ್ತಿ... ಸದ್ಯಕ್ಕೆ ಗೊತ್ತಾಗುವ ಹಂತದಲ್ಲಿದೆ...

ಸೂಕ್ಷ್ಮಮ್ಮ: ಗೊತ್ತಿಲ್ಲ ಸಾರ್. ಒಂದೇ ಉಸಿರಲ್ಲಿ ಹೇಳಿ, ಕಹಿ ಗೊತ್ತಾಗಲ್ಲ.

ನಿರ್ದೇಶಕರು: ಅದಕ್ಕೆ ಮುಂಚೆ ಆ ಮಹಾಶಯನಿಗೆ ಚಿತ್ರದ ವಿಷಯ ತಿಳಿಸಬೇಕಲ್ಲ. ಸೂರು ಅಂತ ಹೇಗೆ ಬರೀಲಿ? ಸಾಯೋತನಕ ಆಡ್ಕೋತಾನೆ.

ಅವರು ಒಂದೊಂದೇ ಅಕ್ಷರ ಒತ್ತಿ 'ಕ್ಷಮಿಸು, ಅದು' ಎಂಬಲ್ಲಿಗೆ ಬಂದಿದ್ದರು. ಅಷ್ಟರಲ್ಲಿ ಫೋನ್ ಮತ್ತೆ 'ಠಣ್' ಎಂದಿತು. ಅಧ್ಯಕ್ಷರ ಉತ್ತರ. ನಿರ್ದೇಶಕರು ಓದಿದರು. ಹುಬ್ಬು ಮೇಲೇರಿತು. ಇನ್ನೊಮ್ಮೆ ಓದಿದರು, ಈ ಸಲ ಗಟ್ಟಿಯಾಗಿ.

ನಿರ್ದೇಶಕರು: 'ನಿನ್ನ ಚಿತ್ರ ನೋಡಿದೆ. ಬೇಸರ ಮಾಡ್ಕೋಬೇಡ, ಇದರಲ್ಲಿ ಹೊಸದೇನೂ ಇಲ್ಲ. ಈ ಬಗೆಯ ಕೋಶವನ್ನ ನಮ್ಮಲ್ಲಿ ಹೋದ ವರ್ಷವೇ ಗುರುತಿಸಿದ್ದೀವಿ. ನಮ್ಮದು ನಿನ್ನದಕ್ಕಿಂತ ದೊಡ್ಡದು.'

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸೂಕ್ಷ್ಮಮ್ಮ: ಪಾಪ. ಅವರು ಕೆಳಗೆ ಎಷ್ಟು ಬಕೆಟ್ ಇಟ್ಟಿದಾರೋ ಏನೋ!